ಇಸಾಲೆಯ ಸಾಲು

ಶನಿವಾರ ಮಧ್ಯಾಹ್ನ ಮೋಶಿ ಪಟ್ಟಣದ ಬಸ್ಸಿಳಿದು ಹೊಸ ಮನೆಯ ಅಂಗಳಕ್ಕೆ ಕಾಲಿಟ್ಟ ಐಕಾಂಡೆಯ ಎದೆ ಧಸಕ್ಕೆಂದಿತು. ಅವಳ ಮನೆಗೂ ಎಲಿನಾಮಿಯ ಸಸಿಗಳ ನರ್ಸರಿಗೂ ನಡುವೆ, ಈ ತುದಿಯಿಂದ ಆ ತುದಿಯವರೆಗೆ, ಇಸಾಲೆ ಗಿಡಗಳು ಸಾಲಾಗಿ ನಿಂತಿದ್ದವು.

ಕಿಲಿಮಂಜಾರೋದ ಮಡಿಲಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಇಸಾಲೆ ಎಂದರೆ ಗಡಿ. ಇಲ್ಲಿಗೆ ನಿನ್ನದು ಮುಗಿಯಿತು, ಇನ್ನು ಮುಂದೆ ನನ್ನದು. ಒಮ್ಮೆ ನೆಟ್ಟರೆ ಕೀಳುವಂತಿಲ್ಲ; ಕಿತ್ತವರ ಹೊಸಿಲನ್ನು ಊರವರು ತುಳಿಯುವುದಿಲ್ಲ.

ಆಸ್ಪತ್ರೆಯ ಕೆಲಸ ಮೋಶಿಯಲ್ಲಿದ್ದರೂ ಅವಳು ಹಟ ಹಿಡಿದು ಮನೆ ಕಟ್ಟಿಸಿದ್ದು ಅಪ್ಪ ಕೊಟ್ಟ ಈ ಜಾಗದಲ್ಲೇ. ಕಾರಣ ಪಕ್ಕದ ನರ್ಸರಿಯಲ್ಲಿದ್ದ. ಗಿಡಮರಗಳ ನೆಪದಲ್ಲಿ ಇಬ್ಬರೂ ಆ ಅಂಗಳವನ್ನು ಅದೆಷ್ಟು ಸಲ ಸುತ್ತಿದ್ದರೋ. ಗಾಳಿ ಬರುವ ಕಡೆಗೆ ಸಿಲ್ವರ್ ಓಕ್. ಬಟ್ಟೆ ಒಣಗಿಸುವಲ್ಲಿ ನೆರಳು ಬೀಳದಷ್ಟು ದೂರಕ್ಕೆ ಬೆಣ್ಣೆಹಣ್ಣಿನ ಮರ. ನೀರಿನ ತೊಟ್ಟಿಯ ಹತ್ತಿರ ದೊಡ್ಡ ಮರ ಬೇಡವೇ ಬೇಡ, ಬೇರು ತೊಟ್ಟಿಯನ್ನೇ ಸೀಳುತ್ತದೆ.

"ಅಡುಗೆಮನೆ ಕಿಟಕಿ ಎದುರಿಗೆ ಏನು ನೆಡ್ಲಿ?" ಎಂದು ಕೇಳಿದ್ದ ಎಲಿನಾಮಿ.

"ಅಲ್ಲೇನೂ ಬೇಡ. ಪರ್ವತ ಕಾಣ್ಬೇಕು."

"ಪರ್ವತ ಇರೋದು ಮನೆ ಹಿಂದೆ ಕಣೇ. ಇಲ್ಲಿಂದ ಕಾಣೋದು ನನ್ನ ನರ್ಸರಿ."

ಅವಳ ಕಿವಿ ಬಿಸಿಯಾಗಿತ್ತು. ಅವನು ಬೇಕೆಂದೇ ಎತ್ತಲೋ ನೋಡುತ್ತ, ತುಟಿಯಂಚಿನ ನಗುವನ್ನು ಟೊಪ್ಪಿಯ ನೆರಳಲ್ಲಿ ಬಚ್ಚಿಟ್ಟಿದ್ದ. ಅಂಥವನು ಈಗ ಅದೇ ಕಿಟಕಿಯ ಎದುರಿಗೆ ಗಡಿ ಎಳೆದಿದ್ದ.

ಸಾಲಿನಾಚೆ ಕೂತು ಸಸಿಚೀಲಗಳಿಗೆ ಮಣ್ಣು ತುಂಬುತ್ತಿದ್ದವನು ತಲೆಯೆತ್ತಲಿಲ್ಲ.

"ಏನೋ ಇದು?"

"ನೀನು ಹೇಳಿದ್ದೇ."

"ಇಸಾಲೆ ನೆಡು ಅಂತ ನಾನ್ಯಾವಾಗ ಅಂದೆ?"

"ಫೋನಲ್ಲಿ. ನಿನ್ನ ಕಡೆಗೊಂದು ಸಾಲು ಹಾಕು, ನೀರು ಕೇಳ್ಬಾರ್ದು, ವರ್ಷಪೂರ್ತಿ ಹಸಿರಾಗಿರ್ಬೇಕು, ಮೇಕೆ ಬಾಯಿ ಹಾಕ್ಬಾರ್ದು ಅಂದೆ. ನಮ್ಮೂರಲ್ಲಿ ಹಾಗಂದ್ರೆ ಇನ್ಯಾವ ಗಿಡ? ನೀನು ಬೇಡ ಅಂತ ಬಾಯ್ಬಿಟ್ಟು ಹೇಳೋಕೆ ಸಂಕೋಚ, ಅದಕ್ಕೇ ಹೀಗೆ ಹೇಳಿದ್ದಾಳೆ ಅನ್ಕೊಂಡೆ." ಅವನ ದನಿ ಇಳಿಯಿತು. "ನೆಡೋವಾಗ ನನ್ನ ಕೈ ನನ್ನ ಮಾತೇ ಕೇಳ್ಲಿಲ್ಲ, ಐಕಾಂಡೆ."

"ಅಯ್ಯೋ ಮಂಕೇ! ನಾನು ಹೇಳಿದ್ದು ರೋಸ್‌ಮೇರಿ! ಆಸ್ಪತ್ರೆ ಅಂಗಳದಲ್ಲಿ ನೋಡಿದ್ದೆ. ನಿನ್ನ ಕಡೆಯಿಂದ ಗಾಳಿ ಬೀಸಿದಾಗೆಲ್ಲ ನನ್ನ ಮನೆ ಘಮ್ಮನ್ಲಿ ಅಂತ."

ಎಲಿನಾಮಿ ಹಣೆ ಚಚ್ಚಿಕೊಂಡ. ಹಣೆಯೆಲ್ಲ ಮಣ್ಣಾಯಿತು. ಮರುಕ್ಷಣವೇ ಎದ್ದು ಬಂದು ಒಂದು ಗಿಡದ ಬುಡಕ್ಕೆ ಕೈ ಹಾಕಿದ.

"ಏಯ್! ಮುಟ್ಟಿದ್ರೆ ನೋಡು!" ಬಾಳೆತೋಟದಲ್ಲಿ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದ ಐಕಾಂಡೆಯ ಸೋದರತ್ತೆ ಮಾಂಕಾ ಕುಡುಗೋಲು ಎತ್ತಿಕೊಂಡೇ ಕೂಗಿದಳು. "ನಿಮ್ಮ ಪೆದ್ದುತನಕ್ಕೆ ಇಸಾಲೆ ಕೀಳ್ತೀರಾ? ಇದೇನು ಟೊಮ್ಯಾಟೊ ಸಸಿನಾ? ನೆಟ್ಟಿದ್ದಾಯ್ತು, ಅನುಭವಿಸಿ!"

ಅತ್ತೆ ಹುಲ್ಲಿನ ಹೊರೆ ಹೊತ್ತು ಗೊಣಗುತ್ತ ಹೋದಳು. ಇಬ್ಬರೂ ಸಾಲಿನ ಆಚೆ ಈಚೆ ನಿಂತರು. ಬದುಕಿಡೀ ಹೀಗೇ ನಿಲ್ಲಬೇಕೇನೋ ಎನಿಸಿ ಐಕಾಂಡೆಗೆ ಅಳು ಬಂತು. ಅಳುವಿನ ಹಿಂದೆಯೇ ಧೈರ್ಯವೂ ಬಂತು.

"ಎಲಿನಾಮಿ, ಗಡಿ ಅನ್ನಿಸ್ಕೊಳ್ಳೋಕೆ ಎರಡು ಮನೆ ಬೇಕಲ್ವಾ?"

"ಬೇಕು."

"ಆಚೆ ಈಚೆ ಎರಡೂ ಒಂದೇ ಮನೆಯವರದ್ದಾದ್ರೆ?"

"ಆಗ ಅದು ಅಂಗಳದಲ್ಲಿರೋ ಗಿಡ, ಅಷ್ಟೇ." ಮತ್ತೆ ಮೆಲ್ಲಗೆ, "ನೀನು ಕೇಳ್ತಿದೀಯಾ?" ಎಂದ.

"ಹೆಣ್ಣು ಕೇಳೋದು ನಿಮ್ಮಪ್ಪ. ಬಾಳೆಹಣ್ಣಿನ ಬಿಯರ್ ಹೊತ್ಕೊಂಡು ನಮ್ಮನೆಗೆ ಬಂದು, ಮರ್ಯಾದೆಯಾಗಿ. ನಾನು ಬರೀ ದಾರಿ ತೋರಿಸ್ತಿದೀನಿ."

ಅವನು ಒಂದು ಎಲೆಯೂ ಮುರಿಯದ ಹಾಗೆ ಕಾಲೆತ್ತಿ ಈಚೆ ದಾಟಿ ಬಂದ. ಬಂದವನ ಕೈಯನ್ನು ಅವಳು ಹಿಡಿದುಕೊಂಡಳು.

"ನಮ್ಮಪ್ಪ ಮನೇಲೇ ಇದಾರೆ. ಈಗ್ಲೇ ಹೋಗಿ ಹೇಳ್ಲಾ?"

"ಮೊದ್ಲು ಕೈ ತೊಳ್ಕೊ. ಎಷ್ಟು ಮಣ್ಣು!" ಎಂದಳು ಐಕಾಂಡೆ. ತೊಳೆಯಬೇಕಾದರೆ ಅವಳು ಆ ಕೈ ಬಿಡಬೇಕಿತ್ತು. ಬಿಡಲಿಲ್ಲ.