ಕಿತ್ತೆಸೆದ ಕರಿ ಎಲೆ

"ಕಳ್ಳ ಸಿಕ್ಕ! ಅವ್ವಾ, ಲಗೂನ ಬಾ... ಕಳ್ಳ ಸಿಕ್ಕ!"

ರಂಜನಾಳ ಕೂಗಿಗೆ ಚೆಂಬೂರಿನ ಆ ಹಳೆಯ ಬಿಲ್ಡಿಂಗಿನ ಅರ್ಧ ಕಿಟಕಿಗಳು ತೆರೆದುಕೊಂಡವು.

ಕೂಗದೆ ಇನ್ನೇನು ಮಾಡಿಯಾಳು ಪಾಪ! ಶ್ರಾವಣ ಶುರುವಾದಾಗಿನಿಂದ ಗ್ರೌಂಡ್ ಫ್ಲೋರಿನ ಅವಳ ಮನೆ ಹಿಂದಿನ ಅಂಗೈಯಗಲದ ತೋಟದಲ್ಲಿ ದಾಸವಾಳ ಅರಳುವುದೇ ತಡ, ಮಾಯ. ಯಾರದೋ ಮನೆಯ ದೇವರಿಗೆ ಇವಳ ತೋಟದ ಹೂವು! ಇವತ್ತು ಬಿಡುವುದೇ ಇಲ್ಲವೆಂದು ಬೆಳಗ್ಗೆಯೇ ಕಸಬರಿಗೆ ಹಿಡಿದು ಹಿಂಬಾಗಿಲ ಸಂದಿಯಲ್ಲಿ ಹೊಂಚು ಹಾಕಿದ್ದಳು.

ಕಂಪೌಂಡಿನ ಹತ್ತಿರ ಬಗ್ಗಿ ನಿಂತಿದ್ದ ಎತ್ತರದ ಗಂಡಸು ಬೆಚ್ಚಿ ತಿರುಗಿದ.

"ಶರಮ್ ನಹೀ ಆತೀ? ಪೂಜಾ ಕೇ ಲಿಯೇ ಚೋರಿ ಕಾ ಫೂಲ್?" ಕಸಬರಿಗೆ ಮೇಲೆದ್ದಿತು.

"ನಹೀ ಮೇಡಮ್, ಮೈ... ಮೈ ತೋ..." ಗಾಬರಿಯಲ್ಲಿ ಅವನಿಗೆ ಹಿಂದಿಯೇ ಕೈಕೊಟ್ಟಿತು. "ಅಯ್ಯ, ಒಯ್ಯಾಕ ಬಂದಿಲ್ರೀ! ಇಡಾಕ ಬಂದೇನಿ!"

ರಂಜನಾ ಕಸಬರಿಗೆಯನ್ನು ಹಾಗೇ ಎತ್ತಿ ಹಿಡಿದು ನೋಡಿದಳು. ಅವನ ಕೈಯಲ್ಲಿ ಹೂವಿರಲಿಲ್ಲ. ಒಂದು ಕುಂಡ ಇತ್ತು. ಅದರಲ್ಲಿ ಬಾಡಿ ಹೋಗಿದ್ದ ಪುಂಡಿ ಸೊಪ್ಪಿನ ಗಿಡ.

"ಮೂರನೇ ಮಾಳಿಗಿ ಹಿಂದಿನ ರೂಮಿಗೆ ಬಾಡಗಿಗೆ ಬಂದೇನ್ರಿ. ಶರಣು ಅಂತ. ನಮ್ಮ ಕಿಟಕ್ಯಾಗ ಬಿಸಿಲು ಅನ್ನೂದ ಇಲ್ಲ. ನಿಮ್ಮಲ್ಲಿ ಛಲೋ ಬೀಳತೈತಿ. ಕೇಳಿದ್ರ ಬ್ಯಾಡ ಅಂತೀರೇನೋ ಅಂತ..."

"ಕೇಳದ ಇಟ್ರ ಬ್ಯಾಡ ಅನ್ನಂಗಿಲ್ಲೇನು?"

ಅಷ್ಟರಲ್ಲಿ ಒಳಗಿಂದ ಓಡಿ ಬಂದ ಅವಳ ತಾಯಿ ಚನ್ನವ್ವ ಆ ಮಾತು ಕೇಳಿದ್ದೇ ಕರಗಿಹೋದಳು. "ಯವ್ವಾ, ನಮ್ಮ ಕಡೀ ಹುಡುಗ! ಯಾವೂರಪ್ಪಾ?"

"ಬೆಳಗಾವಿ ರೀ."

"ನಾವು ಬಿಜಾಪುರದವ್ರು. ಬಾ ಒಳಗ, ಚಾ ಕುಡಿ."

ಕಳ್ಳನಿಗೆ ಚಹಾ! ರಂಜನಾ ಕಸಬರಿಗೆಯನ್ನು ಮೂಲೆಗೆ ಎಸೆದು ಗೋರೆಗಾಂವಿನ ಆಫೀಸಿಗೆ ಹೊರಟಳು. ಲೋಕಲಿನಲ್ಲಿ ಮಾತ್ರ ಆ ಹುಡುಗಿಗೆ ಯಾಕೋ ನಗು ತಡೆಯಲಾಗಲಿಲ್ಲ.

ಮುಂದಿನದ್ದನ್ನು ನಾನು ಬಿಡಿಸಿ ಹೇಳಬೇಕೆ? ದಿನಾ ಬೆಳಗ್ಗೆ ನೀರು ಹಾಕುವ ನೆಪ. ಸಂಜೆ ಪವಾಯಿಯ ಆಫೀಸಿನಿಂದ ಬಂದ ಮೇಲೆ ಕಳೆ ಕೀಳುವ ನೆಪ. "ರೀ" ಎನ್ನುತ್ತಿದ್ದವನು ನವರಾತ್ರಿ ಬರುವಷ್ಟರಲ್ಲಿ "ನೀ" ಎನ್ನತೊಡಗಿದ್ದ. ಇವಳಿಗೆ ಅದು ಕೇಳಿದಾಗಲೆಲ್ಲ ಎದೆಯೊಳಗೆ ಏನೋ ಮೆತ್ತಗಾಗುತ್ತಿತ್ತು.

ದಸರಾ ಮುಗಿದ ಮಾರನೇ ದಿನ ಅವನು ಒಂದು ಕಾಗದದ ಪೊಟ್ಟಣ ತಂದ. ಒಳಗೆ ಸಪೂರ, ಒಣಕಲು ಬೀಜಗಳು.

"ಡೇಲಿಯಾ. ನಮ್ಮವ್ವ ಒಣಗಿಸಿ ಇಟ್ಟಿದ್ಲು."

ಅವನ ತಾಯಿ ಮಲ್ಲಕ್ಕ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಆಕೆಯ ತೋಟದ ಗಡ್ಡೆಗಳೆಲ್ಲ ಆ ಮಳೆಗಾಲದಲ್ಲಿ ನೋಡುವವರಿಲ್ಲದೆ ಕೊಳೆತು ಹೋಗಿದ್ದವು. ಉಳಿದದ್ದು ಇಷ್ಟೇ.

"ಯಾವ ಬಣ್ಣದ ಹೂವು?" ರಂಜನಾ ಕೇಳಿದಳು.

"ಬೀಜದಿಂದ ಬಂದದ್ದು ಹೂ ಬಿಡೂತನಕ ಯಾವ ಬಣ್ಣ ಅಂತ ಯಾರಿಗೂ ತಿಳಿಯೂದಿಲ್ಲ. ಆದ್ರ ಅದಕ್ಕೂ ಮೊದಲ ಒಂದು ತಮಾಷಿ ಐತಿ." ಅವನ ಕಣ್ಣು ಮಿನುಗಿತು. "ಏನಂತ ಹೇಳೂದಿಲ್ಲ. ನೀನ ನೋಡೀಯಂತ."

"ಹೇಳ್ರೀ ಪ್ಲೀಸ್!"

"ಊಹೂಂ."

ಅಯ್ಯೋ ಶರಣು... ಅವತ್ತೇ ಹೇಳಿದ್ದರೆ ಏನಾಗುತ್ತಿತ್ತಪ್ಪಾ!

ಬೀಜ ಮೊಳೆತವು. ಒಂದೊಂದಕ್ಕೂ ಪುಟ್ಟ ಎರಡೆರಡು ಎಲೆ. ಅಷ್ಟರಲ್ಲಿ ತಾಯಿಯ ವರ್ಷದ ಕಾರ್ಯಕ್ಕೆ ಅವನು ಊರಿಗೆ ಹೊರಟ. ಬ್ಯಾಗು ಹೆಗಲಿಗೇರಿಸಿ ಸಸಿಗಳ ಹತ್ತಿರ ಕೂತು ಹೇಳಿದ. "ವಾರದಾಗ ಬರ್ತೀನಿ. ಇವು ನಿನ್ನ ಕೈಯಾಗ, ರಂಜನಾ."

ಊರಲ್ಲಿ ಅಣ್ಣನಿಗೆ ಜ್ವರ ಬಂತು. ಒಂದು ವಾರ ಹೋಗಿ ಎರಡು ವಾರವಾಯಿತು.

ಒಂದು ಬೆಳಗ್ಗೆ ರಂಜನಾ ನೀರು ಹಾಕಲು ಹೋದವಳು ಅಲ್ಲೇ ಬಗ್ಗಿ ಕೂತಳು. ಹೊಸದಾಗಿ ಬಿಟ್ಟ ಎಲೆಗಳು ಕೆಲವು ಸಸಿಗಳಲ್ಲಿ ಹಸಿರಾಗಿದ್ದವು. ಉಳಿದವುಗಳಲ್ಲಿ... ಕಪ್ಪು!

ಚೆಂಬೂರಿನಲ್ಲಿ ಹುಟ್ಟಿ ಬೆಳೆದವರಿಗೆ ಎಲೆಯ ಮೇಲಿನ ಕಪ್ಪು ಎಂದರೆ ಒಂದೇ ಅರ್ಥ. ಕಾರ್ಖಾನೆಗಳ ಹೊಗೆ. ಇಲ್ಲಿ ಕಿಟಕಿ ಒರೆಸಿದರೆ ಬಟ್ಟೆ ಕಪ್ಪು, ಒಣಹಾಕಿದ ಸೀರೆಯ ಮೇಲೆ ಮಸಿ. ಅವಳು ಒದ್ದೆ ಬಟ್ಟೆ ತಂದು ಒಂದೊಂದೇ ಎಲೆಯನ್ನು ಹಸುಗೂಸಿನ ಮುಖ ಒರೆಸಿದಂತೆ ಒರೆಸಿದಳು. ಕಪ್ಪು ಹೋಗಲಿಲ್ಲ.

"ಒಳಗ ಇಳದದ," ಎಂದಳು ಚನ್ನವ್ವ, ಬಗ್ಗಿ ನೋಡಿ. "ಕಿತ್ತು ಒಗಿ. ಇಲ್ಲಾಂದ್ರ ಛಲೋ ಇದ್ದವಕ್ಕೂ ಹತ್ತತದ."

"ಅವ್ರಿಗೆ ಒಂದ್ ಫೋಟೋ ಕಳಿಸಿ ಕೇಳ್ತೀನಿ..."

"ಹುಚ್ಚಿ! ತಾಯಿ ಕಾರ್ಯಾ ಮಾಡಾಕ ಹೋದವಗ, ನಿಮ್ಮವ್ವನ ಗಿಡಕ್ಕ ಕೇಡು ಬಂದದ ಅಂತ ಹೇಳ್ತಿಯೇನು? ಅಪಶಕುನ ಅನಸೂದಿಲ್ಲ ಅವಗ?"

ಹೌದಲ್ಲ... ರಂಜನಾ ಫೋನು ಕೆಳಗಿಟ್ಟಳು. ಒಂದೊಂದೇ ಕಪ್ಪು ಸಸಿಯನ್ನು ಬೇರು ಸಮೇತ ಮೆಲ್ಲಗೆ ಎಳೆದು ತೆಗೆದಳು. ಪಕ್ಕದ ಹಸಿರು ಸಸಿಗೆ ನೋವಾಗಬಾರದೆಂದು ಬೆರಳಿಂದ ಮಣ್ಣು ಒತ್ತಿದಳು. ಕಿತ್ತದ್ದನ್ನು ಬಿಲ್ಡಿಂಗಿನ ಹಸಿ ಕಸದ ಡ್ರಮ್ಮಿಗೆ ಹಾಕಿ ಬಂದಳು. ಉಳಿದವನ್ನಾದರೂ ಕಾಪಾಡಿದೆ, ಅವರು ಬಂದು ನೋಡಿ ಖುಷಿಪಡುತ್ತಾರೆ... ಎಂದುಕೊಂಡಳು.

ಅಂದೇ ಸಂಜೆ ಅವನು ಬಂದ. ಮೂರನೇ ಮಾಳಿಗೆ ಹತ್ತಲೂ ಇಲ್ಲ, ಬ್ಯಾಗು ಹೆಗಲಲ್ಲಿದ್ದಂತೆಯೇ ನೇರ ತೋಟಕ್ಕೆ ಬಂದ.

ಹಿಂದೆಯೇ ಬಂದ ರಂಜನಾಳ ತುಟಿಯ ಮೇಲೆ ಹೆಮ್ಮೆಯ ಮಾತು ಸಿದ್ಧವಾಗಿತ್ತು. ಅವನೇ ಮೊದಲು ಕೇಳಿಬಿಟ್ಟ.

"ಕರಿ ಎಲೀವು ಎಲ್ಲಿ?"

"...ಏನು?"

"ನಾ ಹೇಳಿದ್ನಲ್ಲ, ಒಂದು ತಮಾಷಿ ಐತಿ ಅಂತ? ಇಲ್ಲಿ ನೋಡು!" ಅವನು ಸಡಗರದಿಂದ ಫೋನು ತೆರೆದ. ಫೋಟೋದಲ್ಲಿ ತಲೆ ತುಂಬ ಸೆರಗು ಹೊದ್ದ ಒಬ್ಬ ಹೆಂಗಸು ನಗುತ್ತಿದ್ದಳು. ಪಕ್ಕದಲ್ಲಿ ಎದೆಯುದ್ದದ ಗಿಡ. ಕೆಂಪು ಹೂವು. ಎಲೆಗಳೋ, ಎಣ್ಣೆ ಸವರಿದ ಹಂಚಿನಂತೆ ಮಿರುಗುವ ಕಪ್ಪು! "ಅವ್ವನ ಕರಿ ಎಲಿ ಡೇಲಿಯಾ. ಇಡೀ ಓಣಿಯಾಗ ನಮ್ಮನ್ಯಾಗಷ್ಟ ಇತ್ತು. ಬೀಜ ಹಾಕಿದ್ರ ಎಲ್ಲಾ ಕರೀವ ಬರೂದಿಲ್ಲ, ಹಸಿರೂ ಬರ್ತಾವು. ಕರೀವನ್ನ ಆರಿಸಿ ಇಟ್ಕೋತಿದ್ಲು ಅವ್ವ."

ರಂಜನಾ ಫೋಟೋದಿಂದ ಕಣ್ಣು ಕಿತ್ತಳು. ಹೇಳು... ಈಗಲೇ ಹೇಳು... ನಾನೇ ಕಿತ್ತೆ ಅಂತ ಹೇಳು!

"ಹೆಗ್ಗಣ..." ಅವಳ ಬಾಯಿಂದ ಬಂದದ್ದು ಅದು. "ಹೆಗ್ಗಣ ಬಂದಿತ್ತು ರೀ. ಕೆಲವು ತಿಂದು ಹೋತು."

"ಹೆಗ್ಗಣ?"

"ಹೂಂ."

ಅವನು ಸಾಲಾಗಿ ನಿಂತ ಹಸಿರು ಸಸಿಗಳನ್ನೇ ಬಹಳ ಹೊತ್ತು ನೋಡಿದ. ಅವಳ ಕಣ್ಣಲ್ಲಿ ನೀರು ಕಂಡಾಗ ಹತ್ತಿರ ಬಂದ. "ಹೋಗ್ಲಿ ಬಿಡು. ನೀ ಅಳಬ್ಯಾಡ," ಎಂದು ತನ್ನ ಕರವಸ್ತ್ರ ಕೊಟ್ಟ.

ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಂದಿನಿಂದ ರಂಜನಾಗೆ ಅವನ ಮುಖ ನೋಡುವುದೇ ಕಷ್ಟವಾಯಿತು. ಅವನು ತೋಟಕ್ಕೆ ಬರುವ ಹೊತ್ತಿಗೆ ಬಾಗಿಲು ಹಾಕಿಕೊಂಡಳು. "ಊಟಾತೇನು?" ಎಂಬ ಮೆಸೇಜಿಗೆ ಉತ್ತರ ಬರೆದು, ಅಳಿಸಿ, ಫೋನು ಮಗುಚಿಟ್ಟಳು. ಚನ್ನವ್ವ ಶರಣುವನ್ನು ಮದುವೆಯಾಗುವ ಮಾತು ತೆಗೆದಾಗ ಒಂದೇ ಮಾತು. "ಬ್ಯಾಡವ್ವ."

"ಯಾಕ? ಸಸಿ ಸಲುವಾಗಿ ಏನು? ಹೇಳಿಬಿಡ, ಅದರಾಗೇನದ!"

"ಅವರ ತಾಯೀದು ಉಳದದ್ದು ಅಷ್ಟ ಇತ್ತವ್ವ! ನಾ ಕಿತ್ತೆ. ಮ್ಯಾಲೆ ಸುಳ್ಳು ಬ್ಯಾರೆ ಹೇಳೀನಿ. ಯಾವ ಮುಖಾ ಇಟ್ಕೊಂಡು ಅವರ ಮನೀಗೆ ಹೋಗ್ಲಿ?"

ಅವನು ಒಂದು ಸಂಜೆ ಗೇಟಿನ ಹತ್ತಿರ ತಡೆದು ಕೇಳಿದ. "ನೀ ಬ್ಯಾಡ ಅಂದಿ ಅಂತ ನಿಮ್ಮವ್ವ ಹೇಳಿದ್ರು. ಖರೇನ?"

"ಖರೇ."

"ನನಗ ಹೇಳೂದು ಏನರ ಐತೇನು, ರಂಜನಾ?"

ಎಂಥ ಮೆತ್ತನೆಯ ದನಿಯಲ್ಲಿ ಕೇಳಿದ್ದ! ಅವಳು ತಲೆ ಅಲ್ಲಾಡಿಸಿದಳು. "ಏನೂ ಇಲ್ಲ."

ತಿಂಗಳು ತುಂಬುವ ಮೊದಲೇ ಅವನು ಆಫೀಸಿಗೆ ಹತ್ತಿರವೆಂದು ಪವಾಯಿಗೆ ಮನೆ ಬದಲಿಸಿದ. ಹೋಗುವಾಗ ಚನ್ನವ್ವನ ಕಾಲಿಗೆ ನಮಸ್ಕಾರ ಮಾಡಿದ. ರಂಜನಾ ಆಗ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು.

ಚಳಿಗಾಲದಲ್ಲಿ ಹಸಿರು ಗಿಡಗಳು ಹೂಬಿಟ್ಟವು. ಹಳದಿ, ಗುಲಾಬಿ, ಅಂಚಿಗೆ ಕೆಂಪು ಹಚ್ಚಿದ ಬಿಳಿ. ಬಿಲ್ಡಿಂಗಿನವರೆಲ್ಲ ಬಂದು ಹೊಗಳಿದರು. ಹೊಗಳಿಕೆ ಕೇಳಿದಾಗಲೆಲ್ಲ ಅವಳು ಒಳಗೆ ಹೋಗಿಬಿಡುತ್ತಿದ್ದಳು. ಇವನ್ನು ನೋಡಬೇಕಾದವನು ಇಲ್ಲಿಲ್ಲ... ಇಲ್ಲದಿರುವುದು ನನ್ನಿಂದ...

ಒಂದು ಹೂವನ್ನೂ ಅವಳು ಕೀಳಲಿಲ್ಲ, ದೇವರಿಗೂ ಕೊಡಲಿಲ್ಲ. ಗಿಡದಲ್ಲೇ ಒಣಗಿಸಿ ಬೀಜ ಮಾಡಿದಳು. ಅವರ ಅಮ್ಮನ ಬೀಜದಿಂದಲ್ಲವೇ ಇವೂ ಹುಟ್ಟಿದ್ದು? ಒಳಗೆಲ್ಲೋ ಆ ಕಪ್ಪು ಅಡಗಿರಬಹುದಲ್ಲವೇ? ಒಂದೇ ಒಂದು ಕರಿ ಎಲೆ ಬರಲಿ. ಆ ಕುಂಡ ಎತ್ತಿಕೊಂಡು ಹೋಗಿ ಅವರ ಕೈಗಿಟ್ಟು, ಎಲ್ಲ ಹೇಳಿಬಿಡುತ್ತೇನೆ.

ಮಳೆಗಾಲ ಕಳೆಯಿತು, ಮತ್ತೆ ದಸರಾ ಬಂತು. ಬಿತ್ತಿದಳು. ಲೋಕಲಿಗೆ ತಡವಾದರೂ ಸರಿ, ದಿನಾ ಬೆಳಗ್ಗೆ ಕೂತು ಒಂದೊಂದೇ ಸಸಿಯ ಮೇಲೆ ಕಣ್ಣಾಡಿಸುತ್ತಿದ್ದಳು. ಹೊಸ ಎಲೆ ಬಿಚ್ಚಿತು. ಹಸಿರು. ಇನ್ನೊಂದು. ಹಸಿರು. ಕಡೆಯ ಸಸಿಯೂ ಭಾನುವಾರ ಬೆಳಗ್ಗೆ ಎಲೆ ಬಿಚ್ಚಿತು.

ಅದೂ ಹಸಿರೇ.

ಅವಳು ಮಣ್ಣಿನಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಳು ಇಳಿದ ಮೇಲೆ ಒಂದು ಮಾತು ಹೊಳೆಯಿತು. ಇಷ್ಟು ದಿನ ಕಾದದ್ದು ಬರಿಗೈಯಲ್ಲಿ ಹೋಗುವ ಧೈರ್ಯ ಇಲ್ಲದ್ದಕ್ಕೆ. ಕ್ಷಮೆಗೂ ಲಂಚ ಕೊಡಲು ಹೊರಟಿದ್ದಳು ಹುಡುಗಿ!

ಕೈ ತೊಳೆದಳು. ಫೋನು ಮಾಡಿದಳು. "ಶರಣು ಅವ್ರೆ... ನಾ ರಂಜನಾ. ನಿಮಗ ಒಂದು ಮಾತು ಹೇಳೂದದ. ಪವಾಯಿಗೆ ಬರ್ತೀನಿ."

ಆ ಕಡೆಯಿಂದ ಒಂದೇ ಮಾತು. "ಬಾ."

ಪವಾಯಿ ಕೆರೆಯ ದಂಡೆಯ ಬೆಂಚಿನಲ್ಲಿ ಅವನು ಕಾಯುತ್ತಿದ್ದ. ಸ್ವಲ್ಪ ಇಳಿದುಹೋಗಿದ್ದ. ರಂಜನಾ ಕೂರಲಿಲ್ಲ. ಕೂತರೆ ಧೈರ್ಯ ಹೋದೀತೆಂದು ನಿಂತೇ ಹೇಳಿದಳು.

"ಹೆಗ್ಗಣ ಬಂದಿರಲಿಲ್ಲ. ನಿಮ್ಮವ್ವನ ಕರಿ ಸಸಿ ನಾನ ಕಿತ್ತೆ. ಹೊಗಿ ಹತ್ತಿ ಕರ್ರಗಾಗ್ಯಾವ ಅಂತ ತಿಳ್ಕೊಂಡು ಎಲ್ಲಾ ಕಿತ್ತೆ. ಆಮ್ಯಾಲೆ ನಿಮ್ಮ ಮುಖಾ ನೋಡಿ ಹೆದರಿ ಸುಳ್ಳು ಹೇಳಿದೆ. ಮತ್ತ ಬೆಳಸೂಣು ಅಂತ ಬೀಜಾ ಹಾಕಿದ್ದೆ... ಒಂದೂ ಕರಿ ಬರಲಿಲ್ಲ ರೀ. ಒಂದೂ ಬರಲಿಲ್ಲ! ಸಾರಿ ಅನ್ನಾಕೂ ನನ್ನ ಕೈಯಾಗ ಏನೂ ಇಲ್ಲ."

ಶರಣು ನೆಲ ನೋಡುತ್ತ ಹೇಳಿದ. "ಗೊತ್ತಿತ್ತು."

"...ಏನು?"

"ಊರಿಂದ ಬಂದ ದಿನಾನ ಗೊತ್ತಾತು. ಚಾಪುಡಿ ಒಗಿಯಾಕ ಡ್ರಮ್ಮಿನ ಹತ್ರ ಹೋದೆ. ಸಸಿ ಎಲ್ಲಾ ಮ್ಯಾಲೇ ಬಿದ್ದಿದ್ವು. ಹೆಗ್ಗಣ ಬೇರು ಕಡೀತೈತಿ, ರಂಜನಾ. ಇವಕ್ಕ ಒಂದು ಬೇರೂ ಹರದಿರಲಿಲ್ಲ. ಅಷ್ಟು ಜ್ವಾಕಿಲೆ ಕಿತ್ತಿದ್ದಿ."

"ಮತ್ತ... ಮತ್ತ ಯಾಕ ಕೇಳಲಿಲ್ಲ?" ಅವಳ ದನಿ ಒಡೆಯಿತು.

"ನೀನಾಗೇ ಹೇಳಲಿ ಅಂತ. ಗೇಟಿನ ಹತ್ರ ಕಡೀ ಸಲ ಕೇಳಿದೆ, ಏನರ ಐತೇನು ಅಂತ. ಇಲ್ಲ ಅಂದಿ. ಒಂದು ಸಸಿ ಸಲುವಾಗಿ ನನಗ ಖರೇ ಹೇಳಾಕ ಅಂಜೂ ಹುಡುಗಿ, ನಾಳೆ ನನ್ನ ಜೋಡಿ ಹೆಂಗ ಬಾಳೇ ಮಾಡ್ಯಾಳು ಅಂತ ಸಿಟ್ಟು ಬಂತು. ಸಿಟ್ಟಿನ್ಯಾಗ ಎದ್ದು ಬಂದೆ." ಅವನು ಮುಖ ಒರೆಸಿಕೊಂಡ. "ಇಲ್ಲಿ ಬಂದಮ್ಯಾಲೆ ತಿಳೀತು. ಎಲಿ ಕರಿ ಇರ್ತಾವು ಅಂತ ನಾನೂ ಹೇಳಿರಲಿಲ್ಲ. ಗೊತ್ತಾದಮ್ಯಾಲೆ ಗೊತ್ತೈತಿ ಅಂತಾನೂ ಹೇಳಲಿಲ್ಲ. ಎಷ್ಟು ಸಲ ಚೆಂಬೂರು ಬಸ್ ಹತ್ತಿ, ನಡಕ ಇಳದು ವಾಪಸ್ ಬಂದೇನಿ... ನಂದೂ ತಪ್ಪೈತಿ."

ರಂಜನಾ ಬೆಂಚಿನ ತುದಿಯಲ್ಲಿ ಕೂತಳು. ಒಂದು ಇಡೀ ವರ್ಷ! ಇಬ್ಬರೂ ಒಂದೇ ಮಾತನ್ನು ಬಾಯಲ್ಲಿಟ್ಟುಕೊಂಡು ಒಂದೇ ಊರಿನ ಎರಡು ಮೂಲೆಯಲ್ಲಿ ಕೂತು ಸವೆದಿದ್ದರು.

"ನಿಮ್ಮವ್ವನ ಕರಿ ಎಲಿ ಇನ್ನ ಬರಂಗಿಲ್ಲ," ಎಂದಳು ಅವಳು, ಕಣ್ಣೀರಿನ ನಡುವೆ.

"ಬರಲಿಕ್ಕಿಲ್ಲ." ಅವನು ಸುಳ್ಳು ಸಮಾಧಾನ ಹೇಳಲಿಲ್ಲ. "ಆ ಸಂಕಟ ಇರೂದ. ನಿನ್ನ ಮ್ಯಾಲೆ ಅಲ್ಲ. ಅವ್ವನ್ನ ಇನ್ನೊಂದು ಸಲ ಕಳಕೊಂಡಂಗಾತು, ಅಷ್ಟ."

ಅವಳು ಅವನ ಕೈ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ. ಇಬ್ಬರೂ ಸುಮ್ಮನೆ ಅತ್ತರು. ವಾಕಿಂಗಿಗೆ ಬಂದವರು ನೋಡಿದರೆ ನೋಡಲಿ!

ಕಣ್ಣೊರೆಸಿಕೊಂಡು ಅವನು ಕೇಳಿದ. "ಹಸಿರೀವು ಹೂ ಬಿಟ್ಟಿದ್ವಾ, ಹೋದ ವರ್ಷ?"

"ಎಷ್ಟು ಬಿಟ್ಟಿದ್ವು ಗೊತ್ತದೇನು! ಒಂದು..."

"ಹೇಳಬ್ಯಾಡ." ಅವನು ಅವಳ ಮಾತು ತಡೆದ. "ನಮ್ಮವ್ವ ಹಸಿರು ಸಸಿ ಎಲ್ಲಾ ಸಣ್ಣವು ಇದ್ದಾಗನ ಮಂದಿಗೆ ಹಂಚಿಬಿಡ್ತಿದ್ಲು. ಅವು ಹೂ ಬಿಟ್ಟದ್ದು ನಾ ಒಮ್ಮೆನೂ ನೋಡಿಲ್ಲ. ಈ ಸಲ ನಾನ ಬಂದು ನೋಡ್ತೀನಿ."

ರಂಜನಾ ತಲೆ ತಗ್ಗಿಸಿದಳು. ಅವನ ಬೆರಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದು, ಕೇಳಿಸಿಯೂ ಕೇಳಿಸದಂತೆ ಕೇಳಿದಳು.

"ಬರೇ... ನೋಡಾಕ?"

"ಇಲ್ಲ, ಹುಚ್ಚಿ," ಎಂದ ಶರಣು. "ಇರಾಕ."