ಮೆಹಂದಿ ಮುಚ್ಚಿದ ಬಾವು

"ಕೈ ತೋರ್ಸವಾ, ಯಾಕ ಹಿಂದ ಮುಚ್ಚಿಟ್ಕೊಂಡಿ?" ಎಂದರು ಸುಲಭಾ ಸಿಸ್ಟರ್.

ಉಜ್ಮಾ ಮೆಲ್ಲಗೆ ಕೈ ಚಾಚಿದಳು. ಮುಂಗೈ ಮೇಲೆ ಮೆಹಂದಿ. ಹೂವಿಲ್ಲ, ಬಳ್ಳಿಯಿಲ್ಲ, ಬರೀ ಒಂದು ದೊಡ್ಡ ದುಂಡು ಚುಕ್ಕೆ.

"ಮನ್ಯಾಗ ಮದುವಿ ಐತೇನ?"

"ಇಲ್ರಿ. ಹಂಗ ಸುಮ್ನ."

ಸುಮ್ಮನೆ ಎಲ್ಲಿ ಬಂತು! ಅವಳ ಅಬ್ಬಾ, ಗ್ಯಾರೇಜಿನ ಮುಕ್ತಾರ, ಟಿ.ಬಿ.ಯಿಂದ ಕಡ್ಡಿಯಾಗಿದ್ದರು. ಅದಕ್ಕೇ ಮೊನ್ನೆ ಸಿಸ್ಟರ್ ಗೋಪನಕೊಪ್ಪದ ಈ ಮನೆಗೆ ಬಂದು ಉಜ್ಮಾಗೂ ಟೆಸ್ಟಿನ ಇಂಜೆಕ್ಷನ್ ಚುಚ್ಚಿದ್ದರು. ಚುಚ್ಚಿದ ಜಾಗ ಬಾತರೆ ಒಳಗೆ ರೋಗಾಣು ಇದೆ ಎಂದರ್ಥ.

ಅವತ್ತು ಅಬ್ಬಾ ಅಮ್ಮಿಯ ಮುಂದೆ ಅತ್ತಿದ್ದನ್ನು ಉಜ್ಮಾ ಬಾಗಿಲ ಮರೆಯಿಂದ ಕೇಳಿಸಿಕೊಂಡಿದ್ದಳು. "ನನ್ನಿಂದ ಉಜ್ಮಾಗ ಬಂದಿದ್ರ ನಾ ಈ ಮನ್ಯಾಗ ಇರಂಗಿಲ್ಲ. ಎಲ್ಲೆರ ಹೋಗಿಬಿಡ್ತೇನಿ."

ಮರುದಿನವೇ ಜಾಗ ಕೆಂಪಗೆ ಉಬ್ಬಿತು. ಉಜ್ಮಾ ಹೆದರಿ, ಈದಿಗೆಂದು ಇಟ್ಟಿದ್ದ ಮೆಹಂದಿ ಕೋನನ್ನು ಅದರ ಮೇಲೆ ಹಿಂಡಿದಳು. ಕೆಂಪಿನ ಮೇಲೆ ಕೆಂಪು, ಯಾರಿಗೆ ತಿಳಿದೀತು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಸಿಸ್ಟರ್ ಬಣ್ಣ ನೋಡಲೇ ಇಲ್ಲ. ಬೆರಳಿನಿಂದ ಸವರಿದರು. ಗಟ್ಟಿ ಬಾವಿನ ಅಂಚು ಸಿಕ್ಕಿತು. ಪೆನ್ನಿನಿಂದ ಗುರುತು ಮಾಡಿ ಸ್ಕೇಲ್ ಇಟ್ಟರು.

"ಬಂದೈತೇನ್ರಿ?" ಮಾಸ್ಕ್ ಹಾಕಿಕೊಂಡು ಅಂಗಳದಲ್ಲೇ ನಿಂತಿದ್ದ ಅಬ್ಬಾ ಕೇಳಿದರು.

"ರೋಗಾಣು ಹೊಕ್ಕಾವ್ರಿ. ರೋಗ ಆಗೈತೋ ಇಲ್ಲೋ, ಎಕ್ಸ್‌ರೇ ತಗಿಸಿ ನೋಡೂಣು." ಸಿಸ್ಟರ್ ಉಜ್ಮಾಳ ಕಡೆ ತಿರುಗಿದರು. "ಈ ಬಾವು ಮಾಡಿದ್ದು ನಿನ್ನ ರಕ್ತದಾಗಿನ ಬಿಳಿ ಕಣಗಳು. ಅವು ಆ ರೋಗಾಣು ಮೊದ್ಲ ನೋಡ್ಯಾವ. ಇಂಜೆಕ್ಷನ್ನಿನಾಗ ಇದ್ದ ಅದರ ಸತ್ತ ಚೂರನ್ನ ಗುರುತು ಹಿಡದು ಇಲ್ಲಿಗೆ ಓಡಿ ಬಂದಾವ. ಎದಿಯೊಳಗೂ ರೋಗಾಣುಗಳ್ನ ಸುತ್ತುಗಟ್ಟಿ ಕುಂತಿರ್ತಾವ."

"ಕೊಂದು ಹಾಕಂಗಿಲ್ಲೇನ್ರಿ?"

"ಎಲ್ಲಾನೂ ಕೊಲ್ಲಾಕ ಆಗಂಗಿಲ್ಲವಾ. ಒತ್ತಿ ಹಿಡದಿರ್ತಾವ, ಅಷ್ಟ. ಮೈ ಸೋತಾಗ ರೋಗಾಣು ಹೊರಗ ಬರ್ತಾವ. ನಿಮ್ಮ ಅಬ್ಬಾಗ ಆಗಿದ್ದೂ ಅದ. ಅದಕ್ಕ ಗುಳಿಗಿ ಬೇಕು."

ಅಬ್ಬಾ ಮೆಹಂದಿಯನ್ನೇ ನೋಡುತ್ತಿದ್ದರು. "ನನಗ ಕಾಣಬಾರ್ದಂತ ಹಚ್ಚಿದ್ದೇನ, ಬೇಟಿ?"

ಉಜ್ಮಾ ಹೌದೆಂದು ತಲೆಯಾಡಿಸಿದಳು. ಅಳು ಒತ್ತರಿಸಿ ಬಂತು. "ಅಬ್ಬಾ, ನೀವು ಹೋಗಬ್ಯಾಡ್ರಿ."

ಅಬ್ಬಾ ಎರಡೂ ಕೈ ಚಾಚಿದರು. ಅಷ್ಟರಲ್ಲಿ ಕೆಮ್ಮು ಬಂತು. ಚಾಚಿದ ಕೈಗಳನ್ನು ಎಳೆದುಕೊಂಡು, ಕೆಮ್ಮುತ್ತಲೇ ಕಾಂಪೌಂಡ್ ಗೋಡೆಯ ತನಕ ಸರಿದರು. ಗೇಟು ದಾಟಲಿಲ್ಲ.

ಓಡಿ ಹೋಗಿ ಅಪ್ಪಿಕೊಳ್ಳಬೇಕು ಎನಿಸಿತು ಉಜ್ಮಾಗೆ. ಹೊಸ್ತಿಲಲ್ಲೇ ನಿಂತಳು. ಹತ್ತಿರ ಹೋಗದೆ ಇರುವುದು ಇಷ್ಟು ಕಷ್ಟವೇ? ಅಬ್ಬಾ ಇಷ್ಟು ದಿನ ಮಾಡುತ್ತಿದ್ದದ್ದು ಇದನ್ನೇ.