ಟಿವಿಗೆ ಬಿಗಿದ ಪಟ್ಟಿ

ಹಗಲು ಹನ್ನೊಂದು ಗಂಟೆಗೆ ನಡೆದದ್ದಿದು. ಹಾಸಿಗೆ, ಒಲೆ ಎಲ್ಲ ಒಳಗೇ ಇರುವ ವ್ಯಾನನ್ನು ಬಾಡಿಗೆಗೆ ತಂದಿದ್ದೆವು. ಸೊಂಟ ಮುರಿದಿದ್ದ ಅಮ್ಮನನ್ನು ಮಲಗಿಸಿಯೇ ಊರಿಗೆ ಕರೆದೊಯ್ಯಬೇಕಿತ್ತು.

ಹೊರಡುವ ಮುಂಚೆ ವ್ಯಾನಿನೊಳಗಿನ ಟಿವಿಯನ್ನು ಗೋಡೆಯಿಂದ ಬಿಚ್ಚಿ, ಕಂಬಳಿ ಸುತ್ತಿ ಹಾಸಿಗೆಯ ಮೇಲಿಡಿ ಎಂದಿದ್ದ ಮಾಲೀಕ. ಹಾಸಿಗೆಯಲ್ಲಿ ಅಮ್ಮ ಇದ್ದಳು. ಹಾಗಾಗಿ ಅವಳ ತಲೆಯ ಮೇಲಿದ್ದ ಟಿವಿಯನ್ನು ಅಲ್ಲೇ ಬಿಟ್ಟು, ಬೀಳದಂತೆ ಸುತ್ತ ಪಟ್ಟಿ ಬಿಗಿದೆ.

"ಗಟ್ಟಿಯಾಗಿದೆಯಾ?" ಅಂದರು ಇವರು.

"ನಿಮ್ಮ ಪ್ಯಾಂಟಿನ ಬೆಲ್ಟಿಗಿಂತ ಗಟ್ಟಿ. ಹೊರಡಿ."

ಹಿಂದೆ ಅಮ್ಮನೊಬ್ಬಳನ್ನೇ ಬಿಟ್ಟು ನಾನು ಬೇಕೆಂದೇ ಮುಂದೆ ಕೂತೆ. ಮೂರು ತಿಂಗಳ ಚಾಕರಿಯಿಂದ ಅರ್ಧ ಗಂಟೆಯ ಬಿಡುವು ಬೇಕೆನಿಸಿತ್ತು.

ಬೆಟ್ಟದ ತಿರುವುಗಳಲ್ಲಿ ಹಿಂದಿನಿಂದ ಪಟ್ಟಿ ಸಡಿಲಾಗುವ ಸದ್ದು ಕೇಳಿತು. ಟಕ್. ಮತ್ತೆ ಟಕ್.

"ರೀ, ನಿಲ್ಲಿಸಿ. ಟಿವಿ ಅಮ್ಮನ ಮೇಲೆ ಬೀಳುತ್ತೆ."

"ಎಲ್ಲಿ ನಿಲ್ಲಿಸಲಿ? ಹಿಂದೆ ಲಾರಿ ಸಾಲು, ಪಕ್ಕದಲ್ಲಿ ಕಂದಕ."

ನಮಗೂ ಅವಳಿಗೂ ನಡುವೆ ತಗಡಿನ ಗೋಡೆ. ಅದಕ್ಕೆ ಕಿವಿಯೊತ್ತಿ ಕೂಗಿದೆ. ಅಮ್ಮ ಯಾರಿಗೋ, "ಮೆಲ್ಲಗೆ ಕಣೇ, ನೋಯುತ್ತೆ" ಅನ್ನುತ್ತಿದ್ದಳು.

ಇಪ್ಪತ್ತು ನಿಮಿಷದ ಮೇಲೆ ನಿಲ್ಲಲು ಜಾಗ ಸಿಕ್ಕಿತು. ಹಿಂಬಾಗಿಲಿಗೆ ನಾನೇ ಹಾಕಿದ್ದ ಬೀಗ ತೆಗೆದೆ. ಟಿವಿ ಹಾಸಿಗೆಯಲ್ಲಿ ಅಮ್ಮನ ಕಂಬಳಿ ಹೊದ್ದು ಮಲಗಿತ್ತು. ಇಬ್ಬರು ಹಿಡಿಯದೆ ಏಳಲಾರದ ಅಮ್ಮ ಎದುರಿನ ಸೀಟಿನಲ್ಲಿ ಕೂತಿದ್ದಳು. ಟಿವಿಯ ಪಟ್ಟಿ ಅವಳನ್ನು ಸೀಟಿಗೆ ಬಿಗಿದಿತ್ತು.

"ಎತ್ತಿ ಕೂರಿಸಿದಾಗ ನಿನ್ನ ಕೈ ಯಾಕೆ ಅಷ್ಟು ತಣ್ಣಗಿತ್ತು?"

"ನಾನು ಮುಂದೆ ಕೂತಿದ್ದೆ, ಅಮ್ಮ."

ಅವಳು ನನ್ನ ಬೆಚ್ಚನೆಯ ಕೈ ಮುಟ್ಟಿ ನೋಡಿ, ಬಿಟ್ಟುಬಿಟ್ಟಳು.

ಅಂದಿನಿಂದ ಎಬ್ಬಿಸಲು ಹೋದರೆ ಅಮ್ಮ ನನಗೆ ಕೈ ಕೊಡುವುದಿಲ್ಲ. "ನೀನು ಬೇಡ, ಅವಳು ಬರಲಿ" ಅನ್ನುತ್ತಾಳೆ. ನಾನು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಅಮ್ಮ ಹಾಸಿಗೆಯಿಂದೆದ್ದು ಕುರ್ಚಿಯಲ್ಲಿ ಕೂತಿರುತ್ತಾಳೆ.